ಕೋಮಾದಲ್ಲಿರುವವನಿಗೆ ಕೋಟೇಕೆ?

"ದೆವ್ವವನ್ನು ನಾನು ಒಪ್ಪಿಕೊಂಡಾಯಿತು. ಆದರೆ ಆ ದೆವ್ವಕ್ಕೆ ಬೋ ಟೈ ಕಟ್ಟಿದವರು ಯಾರು? ಮೊದಲು ಇದಕ್ಕೆ ಉತ್ತರ ಕೊಡಿ" ಎಂದು ವಕೀಲರು ಪಟ್ಟು ಹಿಡಿದರು.

ಮಾತು ನಡೆಯುತ್ತಿದ್ದದ್ದು 'ಸೇವಿಂಗ್ ಹೋಪ್' ಎಂಬ ಕೆನಡಾದ ಧಾರಾವಾಹಿಯ ಮೇಲೆ. ನೋಡದವರಿಗಾಗಿ ಕಥೆಯ ತಲೆಬುಡ ಇಷ್ಟು: ಟೊರಾಂಟೊದಲ್ಲಿ ಹೋಪ್ ಜಿಯಾನ್ ಎಂಬ ಆಸ್ಪತ್ರೆ, ಅದು ಧಾರಾವಾಹಿಯಲ್ಲಷ್ಟೇ ಇರುವ ಆಸ್ಪತ್ರೆ. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಚಾರ್ಲಿ ಹ್ಯಾರಿಸ್, ಅದೇ ಆಸ್ಪತ್ರೆಯ ಸರ್ಜನ್ ಅಲೆಕ್ಸ್ ರೀಡ್ ಜೊತೆ ತಮ್ಮ ಮದುವೆಗೆ ಹೊರಟಿದ್ದಾಗ ಅಪಘಾತವಾಗುತ್ತದೆ, ಅವನು ಕೋಮಾಕ್ಕೆ ಜಾರುತ್ತಾನೆ. ದೇಹ ಹಾಸಿಗೆಯ ಮೇಲೆ, ಆತ್ಮ ಮಾತ್ರ ಮದುವೆಯ ಕೋಟಿನಲ್ಲೇ ವಾರ್ಡಿನಿಂದ ವಾರ್ಡಿಗೆ. ಅವನ ಕಣ್ಣಿಗೆ ಬೀಳುವ ಇತರ ಆತ್ಮಗಳದೂ ಒಂದೊಂದು ಕಥೆ.

"ಅದರಲ್ಲೇನು ಸಮಸ್ಯೆ? ಮೈಮೇಲಿನ ಬಟ್ಟೆಯನ್ನು ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಕತ್ತರಿಸಿ ಎಸೆಯುತ್ತಾರೆ. ಆತ್ಮದ ಬಟ್ಟೆಗೆ ಕತ್ತರಿ ತಾಗುವುದಿಲ್ಲ" ಎಂದರು ಡಾಕ್ಟರಮ್ಮ. ಅವರು ಅರಿವಳಿಕೆ ತಜ್ಞೆ. ಜನರನ್ನು ಮಲಗಿಸುವುದೇ ವೃತ್ತಿಯಾದ್ದರಿಂದ ಎಚ್ಚರವಾಗಿರುವವರ ಜೊತೆ ಅವರಿಗೆ ತಾಳ್ಮೆ ಸ್ವಲ್ಪ ಕಡಿಮೆ.

"ಅಂದರೆ ಬಟ್ಟೆಗೂ ಆತ್ಮವಿದೆ ಎಂದಾಯಿತು" ಎಂದು ಭೌತಶಾಸ್ತ್ರದ ಮೇಷ್ಟ್ರು ಬಾಯಿ ಹಾಕಿದರು. "ಸರಿ, ಇರಲಿ. ಯಾವ ದೆವ್ವದ ಧಾರಾವಾಹಿ ನೋಡಿದರೂ ನನ್ನದು ಒಂದೇ ಸಂಶಯ. ಗೋಡೆಯ ಮೂಲಕ ನುಸುಳುವ ದೆವ್ವ ನೆಲದ ಮೇಲೆ ಹೇಗೆ ನಿಲ್ಲುತ್ತದೆ? ಮೂರನೆಯ ಮಹಡಿಯಿಂದ ಸೀದಾ ನೆಲಮಾಳಿಗೆಗೆ, ಅಲ್ಲಿಂದ ಭೂಮಿಯ ಗರ್ಭಕ್ಕೆ ಇಳಿದು ಹೋಗಬೇಕಲ್ಲ?"

"ಹಾಗೆ ಇಳಿದು ಹೋದರೆ ಮೊದಲ ಕಂತಿಗೇ ಧಾರಾವಾಹಿ ಮುಗಿಯುತ್ತದೆ ಮೇಷ್ಟ್ರೇ" ಎಂದೆ.

ಡಾಕ್ಟರಮ್ಮನ ಸಿಟ್ಟೆಲ್ಲ ಓಡಾಡುವ ಚಾರ್ಲಿಯನ್ನು ಬಿಟ್ಟು ಮಲಗಿರುವ ಚಾರ್ಲಿಯ ಮೇಲೆ. "ಪರದೆಯ ಮೇಲೆ ಕೋಮಾ ಎಂದರೆ ಒಳ್ಳೆಯ ನಿದ್ದೆ ಎಂದುಕೊಂಡಿದ್ದಾರೆ. ನುಣುಪು ಗಡ್ಡ, ಬಾಚಿದ ತಲೆ. ನಿಜವಾದ ರೋಗಿಯನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗದಂತೆ ಮುಲಾಮು ಹಚ್ಚುತ್ತೇವೆ. ಮೂಗಿನಲ್ಲಿ ಆಹಾರದ ಕೊಳವೆ, ವಾರಗಳು ಕಳೆದರೆ ಕತ್ತಿನಲ್ಲಿ ಉಸಿರಿಗೊಂದು ರಂಧ್ರ. ಎಚ್ಚರವಾದವನು ಎದ್ದು ನಡೆಯುವುದು ಹಾಗಿರಲಿ, ಚಮಚ ಎತ್ತುವುದನ್ನೂ ಹೊಸದಾಗಿ ಕಲಿಯಬೇಕಾಗಬಹುದು. 2006ರಲ್ಲಿ ಅಮೆರಿಕದ ಒಬ್ಬ ನರವೈದ್ಯರು ಮಗನ ಜೊತೆ ಕುಳಿತು ಕೋಮಾ ತೋರಿಸುವ 30 ಚಲನಚಿತ್ರಗಳನ್ನು ಪರಿಶೀಲಿಸಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ವಾಸ್ತವಕ್ಕೆ ಹತ್ತಿರವಾಗಿದ್ದವು ಎರಡೇ."

"ಆ ಎರಡು ಚಿತ್ರಗಳು ಓಡಿದವೇ?" ಎಂದರು ವಕೀಲರು. ಉತ್ತರ ಬರಲಿಲ್ಲ.

ಇಲ್ಲಿ ನನ್ನದೊಂದು ಸಿದ್ಧಾಂತವನ್ನು ಮುಂದಿಟ್ಟೆ. ಪ್ರೇಕ್ಷಕ ಉದಾರಿ, ಆದರೆ ಅವನ ಉದಾರತೆ ಒಂದು ಧಾರಾವಾಹಿಗೆ ಒಂದೇ ಸುಳ್ಳಿಗೆ ಮೀಸಲು. ಆತ್ಮ ಓಡಾಡುತ್ತದೆ ಎಂದಿರೋ, ಆಯಿತು, ಆ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡೆವು. ಅಲ್ಲಿಗೆ ನಿಮ್ಮ ಪಾಲಿನ ರಿಯಾಯಿತಿ ಮುಗಿಯಿತು. ಇನ್ನು ಉಳಿದದ್ದೆಲ್ಲ, ಹೊಲಿಗೆಯ ದಾರದವರೆಗೂ, ಸರಿಯಾಗಿರಬೇಕು. ಮಾಮೂಲಿ ಆಸ್ಪತ್ರೆ ಧಾರಾವಾಹಿಯಲ್ಲಿ ಮಾಫಿ ಸಿಗುವ ತಪ್ಪಿಗೂ ದೆವ್ವವಿರುವ ಕಡೆ ಮಾಫಿ ಇಲ್ಲ.

"ಹಾಗಾದರೆ ಷಾಕ್ ಕೊಡುವ ದೃಶ್ಯವನ್ನು ಏನು ಮಾಡುತ್ತೀರಿ?" ಡಾಕ್ಟರಮ್ಮನ ಧ್ವನಿ ಏರಿತು. ಇಸಿಜಿ ಗೆರೆ ನೆಟ್ಟಗಾಗುತ್ತದೆ, ಯಂತ್ರ 'ಕೀ...' ಎನ್ನುತ್ತದೆ, ನಾಯಕ ಎಲ್ಲರನ್ನೂ ಹಿಂದೆ ಸರಿಸಿ ಎದೆಗೆ ಷಾಕ್ ಕೊಡುತ್ತಾನೆ, ಗೆರೆ ಕುಣಿಯಲು ಶುರು. ಇದು ಯಾವುದೋ ಒಂದು ಧಾರಾವಾಹಿಯ ಪಾಪವಲ್ಲ, ಇಡೀ ಕುಲದ್ದು. "ಆ ಯಂತ್ರ ಇರುವುದು ಲಯ ತಪ್ಪಿ ನಡುಗುವ ಹೃದಯಕ್ಕೆ. ಗೆರೆ ಪೂರ್ತಿ ಮಲಗಿದ ಮೇಲೆ ಷಾಕ್‌ನಿಂದ ಪ್ರಯೋಜನವಿಲ್ಲ. ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು, ಕಾರಣ ಹುಡುಕಬೇಕು. ನೋಡುವುದಕ್ಕೆ ಬೇಸರದ ಕೆಲಸ." 1996ರಲ್ಲಿ ಅಮೆರಿಕದ ಕೆಲವು ಧಾರಾವಾಹಿಗಳಲ್ಲಿ ಎದೆ ಒತ್ತಿಸಿಕೊಂಡವರ ಲೆಕ್ಕ ತೆಗೆದವರಿದ್ದಾರಂತೆ, ನೂರಕ್ಕೆ 75 ಮಂದಿ ಸ್ಥಳದಲ್ಲೇ ಚೇತರಿಸಿಕೊಂಡಿದ್ದರು. ಅಷ್ಟು ಯಶಸ್ಸು ಯಾವ ಆಸ್ಪತ್ರೆಗೂ ಇಲ್ಲ.

"ದೆವ್ವದ ಧಾರಾವಾಹಿಗೆ ಇದರಿಂದ ನಷ್ಟ" ಎಂದರು ಮೇಷ್ಟ್ರು ಗಂಭೀರವಾಗಿ. "ಎಲ್ಲರೂ ಬದುಕಿಬಿಟ್ಟರೆ ಪಾತ್ರಧಾರಿಗಳು ಎಲ್ಲಿಂದ ಬರಬೇಕು?"

ಪಾತ್ರಧಾರಿಗಳ ಮಾತು ಬಂದದ್ದೇ ತಡ, ವಕೀಲರು ಕುರ್ಚಿ ಮುಂದೆ ಎಳೆದುಕೊಂಡರು. ಚಾರ್ಲಿಯಾದ ಮೈಕೆಲ್ ಶ್ಯಾಂಕ್ಸ್ ಇದಕ್ಕೂ ಮೊದಲು 'ಸ್ಟಾರ್‌ಗೇಟ್' ಧಾರಾವಾಹಿಯಲ್ಲಿ ಎಷ್ಟು ಸಲ ಸತ್ತು ಎದ್ದು ಬಂದನೆಂದರೆ ಅಭಿಮಾನಿಗಳಿಗೆ ಅದೇ ಒಂದು ತಮಾಷೆಯಾಗಿತ್ತು. ಆತನಿಗೆ ಕೋಮಾ ಎಂಬುದು ಬಡ್ತಿಯೋ ಹಿಂಬಡ್ತಿಯೋ ಹೇಳುವುದು ಕಷ್ಟ. ಅಲೆಕ್ಸ್‌ಳ ಹಳೆಯ ಪ್ರೇಮಿ, ಮೂಳೆ ವೈದ್ಯ ಜೋಯಲ್ ಗೋರನ್ ಆಗಿ ಬರುವ ಡೇನಿಯಲ್ ಗಿಲೀಸ್ ಅದೇ ವರ್ಷಗಳಲ್ಲಿ ಇನ್ನೊಂದು ಕಡೆ ಸಾವಿರ ವರ್ಷದ ರಕ್ತಪಿಶಾಚಿಯ ವೇಷ ಹಾಕುತ್ತಿದ್ದ. "ಅಲ್ಲಿ ಪಿಶಾಚಿಯಾದವನಿಗೆ ಇಲ್ಲಿ ದೆವ್ವಗಳೇ ಕಾಣುವುದಿಲ್ಲ. ಎಂಥ ಅನ್ಯಾಯ!"

ಎರಡನೆಯ ಸೀಸನ್ ಬಗ್ಗೆ ಮಾತ್ರ ನಮ್ಮಲ್ಲಿ ಪಕ್ಷಭೇದವಾಯಿತು. ಅಷ್ಟರಲ್ಲಿ ಚಾರ್ಲಿ ಎಚ್ಚರಗೊಂಡಿದ್ದಾನೆ. ಕೋಟು ಹೋಯಿತು, ಆತ್ಮಗಳನ್ನು ಕಾಣುವ ಕಣ್ಣು ಉಳಿಯಿತು. ಮೇಷ್ಟ್ರ ಪ್ರಕಾರ ಅಲ್ಲಿಗೆ ಸ್ವಾರಸ್ಯ ಸತ್ತಿತು: ತಾನೇ ಅತಂತ್ರನಾಗಿದ್ದವನು ಈಗ ಇತರರ ಅಹವಾಲು ಕೇಳುವ ಅಧಿಕಾರಿಯಾಗಿಬಿಟ್ಟ. ನನಗೆ ಅಲ್ಲೇ ಕಥೆ ಕುದುರಿತು ಅನ್ನಿಸಿತ್ತು. ಆಪರೇಷನ್ ಕೊಠಡಿಯಲ್ಲಿ ಹೊಟ್ಟೆ ಬಿಚ್ಚಿ ಮಲಗಿರುವ ರೋಗಿಯೇ ಪಕ್ಕದಲ್ಲಿ ನಿಂತು ಕೇಳುತ್ತಿದ್ದರೆ, ಕತ್ತರಿ ಹಿಡಿದ ಸರ್ಜನ್ ಯಾರಿಗೆ ಉತ್ತರಿಸಬೇಕು? ನರ್ಸ್‌ಗಳ ಎದುರು ಗಾಳಿಯ ಜೊತೆ ಮಾತನಾಡುವ ಹಾಗಿಲ್ಲ, ಕೇಳಿಸಿಕೊಳ್ಳದಿರುವಂತೆಯೂ ಇಲ್ಲ. ಅಮೆರಿಕದ ಎನ್‌ಬಿಸಿಗೆ ಇದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. 2012ರ ಜೂನ್‌ನಲ್ಲಿ ಕೆನಡಾದ ಸಿಟಿವಿಯ ಜೊತೆಗೇ ಪ್ರಸಾರ ಶುರುಮಾಡಿ, ಮೊದಲ ಸೀಸನ್ ಮುಗಿಯುವ ಮೊದಲೇ ವೆಂಟಿಲೇಟರ್ ಕಿತ್ತಿತು. ಕೆನಡಾದವರು ಬಿಡಲಿಲ್ಲ, ರೋಗಿ 2017ರವರೆಗೆ, ಐದು ಸೀಸನ್, 85 ಕಂತು ಉಸಿರಾಡಿದ.

"ಒಪ್ಪಿಗೆಯ ಪ್ರಶ್ನೆಗೆ ಬನ್ನಿ" ಎಂದು ವಕೀಲರು ಕನ್ನಡಕ ಏರಿಸಿದರು. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಚಿಕಿತ್ಸೆಯ ಒಪ್ಪಿಗೆಗೆಂದೇ 1996ರ ಕಾಯಿದೆಯಿದೆ. ರೋಗಿ ತಾನೇ ನಿರ್ಧರಿಸಲಾರದಾಗ ಯಾರು ನಿರ್ಧರಿಸಬೇಕೆಂಬುದಕ್ಕೆ ಅಲ್ಲಿ ಒಂದು ಸಾಲು. ಸಂಗಾತಿಗೆ ಅದರಲ್ಲಿ ಜಾಗವಿದೆ, ತಂದೆತಾಯಿಗಿದೆ, ಒಡಹುಟ್ಟಿದವರಿಗಿದೆ. "ಯಾರೂ ಸಿಗದಿದ್ದರೆ ಸರ್ಕಾರಿ ಅಧಿಕಾರಿಗೂ ಇದೆ. ಹಾಸಿಗೆಯ ಪಕ್ಕ ನಿಂತು ಗಂಟಲು ಹರಿದುಕೊಳ್ಳುತ್ತಿರುವ ರೋಗಿಯ ಆತ್ಮಕ್ಕೆ ಮಾತ್ರ ಇಲ್ಲ. ಹಾಗೆ ನಿರ್ಧರಿಸುವವರು ರೋಗಿ ಸ್ವಸ್ಥಚಿತ್ತನಾಗಿದ್ದಾಗ ಹೇಳಿದ ಇಚ್ಛೆಯನ್ನು ಪಾಲಿಸಬೇಕು. ಈಗ ಹೇಳಿ, ಆತ್ಮ ಸ್ವಸ್ಥಚಿತ್ತವೇ? ಸಾಕ್ಷಿ ಯಾರು? ಚಾರ್ಲಿ ಒಬ್ಬನೇ. ಅವನ ತಲೆಗೆ ಪೆಟ್ಟು ಬಿದ್ದಿದೆ ಎಂದು ಆಸ್ಪತ್ರೆಯ ದಾಖಲೆಯೇ ಹೇಳುತ್ತದೆ. ಪಾಟೀಸವಾಲಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ."

2022ರ ಕೊರಿಯಾದ 'ಘೋಸ್ಟ್ ಡಾಕ್ಟರ್' ಕಥೆ ಕೇಳಿದಾಗಲಂತೂ ಅವರಿಗೆ ಹಬ್ಬ. ಅಲ್ಲಿ ಕೋಮಾದಲ್ಲಿರುವ ಅಪ್ರತಿಮ ಸರ್ಜನ್‌ನ ಆತ್ಮ, ಆಸ್ಪತ್ರೆ ಕಟ್ಟಿದವರ ಮೊಮ್ಮಗನಾದ ಕಿರಿಯ ವೈದ್ಯನ ಮೈಹೊಕ್ಕು ಆಪರೇಷನ್ ಮಾಡುತ್ತದೆ. ಹುಡುಗನಿಗೆ ಪುಸ್ತಕವೆಲ್ಲ ಬಾಯಿಪಾಠ, ಕೈ ಮಾತ್ರ ಏಳುವುದಿಲ್ಲ. "ರೋಗಿ ಸತ್ತರೆ ನೋಟಿಸ್ ಯಾರಿಗೆ ಕಳಿಸಬೇಕು?" ವಕೀಲರು ಕಾಗದ ಹುಡುಕತೊಡಗಿದರು.

ಡಾಕ್ಟರಮ್ಮ ಕೊನೆಗೂ ಮೆಚ್ಚಿದ್ದು ಡೆನ್ಮಾರ್ಕಿನದನ್ನು. ಲಾರ್ಸ್ ಫಾನ್ ಟ್ರಿಯರ್ 1994ರಲ್ಲಿ ಮಾಡಿದ 'ರೀಗೆಟ್'. ಕೋಪನ್‌ಹೇಗನ್ನಿನ ದೊಡ್ಡ ಆಸ್ಪತ್ರೆ, ಲಿಫ್ಟ್ ಬಾವಿಯೊಳಗಿಂದ ಅಳುವ ಪುಟ್ಟ ಹುಡುಗಿ, ಅವಳನ್ನು ಹುಡುಕುವುದಕ್ಕಾಗಿ ಇಲ್ಲದ ರೋಗ ಹೇಳಿಕೊಂಡು ದಾಖಲಾಗುವ ಶ್ರೀಮತಿ ಡ್ರುಸ್ಸೆ ಎಂಬ ಮುದುಕಿ. ಇತ್ತ ಸ್ವೀಡನ್ನಿನಿಂದ ಬಂದ ನರಶಸ್ತ್ರಚಿಕಿತ್ಸಕ ಹೆಲ್ಮರ್. ಆಸ್ಪತ್ರೆಯ ಛಾವಣಿ ಹತ್ತಿ, ತನ್ನ ದೇಶದ ಕಡೆಗೆ ಮುಖಮಾಡಿ ಡೇನ್‌ಗಳನ್ನು ಬಾಯಿತುಂಬ ಬೈಯುವುದು ಅವನ ದಿನಚರಿ. ಅವನ ಕೈ ತಪ್ಪಿ ಒಂದು ಹುಡುಗಿಯ ಮಿದುಳು ಹಾಳಾಗಿದೆ. ಅದನ್ನು ಮುಚ್ಚಿಹಾಕಲು ಅವನು ಬೆನ್ನುಹತ್ತುವುದು ಒಂದು ಕಾಗದವನ್ನು: ಅರಿವಳಿಕೆಯ ವರದಿ.

"ನೋಡಿ! ದೆವ್ವಕ್ಕೆ ಹೆದರದ ಮನುಷ್ಯ ಅರಿವಳಿಕೆ ವೈದ್ಯರು ಬರೆದಿಟ್ಟದ್ದಕ್ಕೆ ಹೆದರುತ್ತಾನೆ. ಇದು ವಾಸ್ತವ" ಎಂದು ಡಾಕ್ಟರಮ್ಮ ಮೇಜು ಕುಟ್ಟಿದರು. ನನ್ನ ಸಿದ್ಧಾಂತಕ್ಕೂ ಇದಕ್ಕಿಂತ ಪುರಾವೆ ಬೇಡ. ದೆವ್ವ ಎಷ್ಟು ಬೇಕಾದರೂ ಅಳಲಿ. ಕಡತ ಕಡತದಂತಿದ್ದರೆ ಪ್ರೇಕ್ಷಕ ನಂಬುತ್ತಾನೆ. ಪ್ರತಿ ಕಂತಿನ ಕೊನೆಗೆ ನಿರ್ದೇಶಕ ತಾನೇ ಕೋಟು, ಬೋ ಟೈ ತೊಟ್ಟು ಪರದೆಯ ಮುಂದೆ ನಿಂತು ಮಾತನಾಡುತ್ತಾನೆ ಎಂದು ಹೇಳಿದಾಗ ವಕೀಲರಿಗೆ ಸಮಾಧಾನವಾಯಿತು: "ಇವನ ಬಟ್ಟೆಯ ಲೆಕ್ಕವಾದರೂ ಸಿಗುತ್ತದೆ."

ಮೇಷ್ಟ್ರಿಗೆ ಇನ್ನೂ ಪ್ರಯೋಗದ ಹಂಬಲ. "ಆತ್ಮ ಮೇಲಿನಿಂದ ನೋಡುತ್ತದೆ ಎನ್ನುತ್ತಾರಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲವೇ?"

ಮಾಡಿದ್ದಾರೆ. ಬ್ರಿಟನ್, ಅಮೆರಿಕ, ಆಸ್ಟ್ರಿಯಾಗಳ 15 ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆದ ಅಧ್ಯಯನ. ವರದಿ ಬಂದದ್ದು 2014ರಲ್ಲಿ. ಛಾವಣಿಯ ಹತ್ತಿರ ಸುಮಾರು ಸಾವಿರ ಹಲಗೆ ಹೊಡೆದು, ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಚಿತ್ರಗಳನ್ನಿಟ್ಟರು. ಹೃದಯ ನಿಂತು ಬದುಕಿದವರು ತೇಲಾಡಿದ್ದು ನಿಜವಾದರೆ ಚಿತ್ರ ಯಾವುದೆಂದು ಹೇಳಲಿ ಎಂಬ ಯೋಜನೆ. ಹೃದಯ ನಿಂತ 2,060 ಪ್ರಕರಣಗಳಲ್ಲಿ ನೂರಕ್ಕೆ 78 ಹಲಗೆಯೇ ಇಲ್ಲದ ಕೋಣೆಗಳಲ್ಲಾದವು. ಏನೋ ನೋಡಿದೆವು, ಕೇಳಿದೆವು ಎಂದು ವಿವರವಾಗಿ ಹೇಳಿದ ಇಬ್ಬರೂ ಹಲಗೆಯಿಲ್ಲದ ಕಡೆಯವರೇ.

"ಪ್ರಶ್ನೆಪತ್ರಿಕೆ ಒಂದು ಕೋಣೆಯಲ್ಲಿ, ಅಭ್ಯರ್ಥಿ ಇನ್ನೊಂದು ಕೋಣೆಯಲ್ಲಿ" ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಇದು ಅವರಿಗೆ ಪರಿಚಿತ ಸಂಕಟವಿರಬೇಕು.

ಡಾಕ್ಟರಮ್ಮ ಒಂದು ಕ್ಷಣ ಲೆಕ್ಕ ಹಾಕಿದರು. "ನಾಲ್ಕು ವರ್ಷ, ಛಾವಣಿಯ ಹತ್ತಿರ ಸಾವಿರ ಹಲಗೆ. ಏಣಿ ಹತ್ತಿ ಅವುಗಳ ಧೂಳು ಒರೆಸಿದವರು ಯಾರು?"

"ಆ ಧಾರಾವಾಹಿ ಬಂದರೆ ನಾನು ನೋಡುತ್ತೇನೆ" ಎಂದರು ವಕೀಲರು.