ಹುಳ ‘ನಿರೋಧಕ’ ತಳಿ: ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ ಕಡೆಯ ಗದ್ದೆಯವರಿಗಾಗಿ ಭತ್ತದ ಕಂದು ಜಿಗಿಹುಳದ ಬಗ್ಗೆ ಒಂದು ಕೈಪಿಡಿಯನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರ ತುಂಬ ‘ಪ್ರತಿರೋಧಶೇಷಿ’ (ತಡೆದುಕೊಳ್ಳುವ ಶಕ್ತಿ) ಎಂದಿದೆ. ನಮ್ಮಲ್ಲಿ ಕೆಲವರು ಅದನ್ನೇ ಎತ್ತಿ ಬರೆದುಬಿಡುತ್ತಾರೆ. ಕನ್ನಡದಲ್ಲಿ ‘ಶೇಷಿ’ ಅಂದರೆ ಏನೋ, ದೇವರೇ ಬಲ್ಲ!

‘ನಿರೋಧಕ ತಳಿ’ ಅಂದರೆ ಆಯಿತಲ್ವಾ ಅಂತೀರಿ. ಆಗುವುದಿಲ್ಲ. ಆ ಪದದೊಳಗೆ ಮೂರು ಸಂಗತಿಗಳಿವೆ. ಪೇಂಟರ್ ಎಂಬ ಕೀಟತಜ್ಞರು 1951ರಲ್ಲೇ ಅವನ್ನು ಬಿಡಿಸಿಟ್ಟಿದ್ದರು.

ಕೆಲವು ತಳಿ ಹುಳಕ್ಕೆ ಹಿಡಿಸುವುದೇ ಇಲ್ಲ. ಕೂರುವುದು ಕಡಿಮೆ, ಮೊಟ್ಟೆ ಇಡುವುದೂ ಕಡಿಮೆ. ಇದಕ್ಕೆ ‘ಹುಳ ಒಲ್ಲದ ತಳಿ’ ಅನ್ನಬಹುದು.

ತಲೆನೋವು ಎರಡನೆಯದರದ್ದು. ಕೇರಳದ ಪಟ್ಟಾಂಬಿ ಭತ್ತ ಸಂಶೋಧನಾ ಕೇಂದ್ರದ ಪಿಟಿಬಿ 33 ತಳಿಯನ್ನೇ ನೋಡಿ. ಜಿಗಿಹುಳ ಬುಡದಲ್ಲಿ ಕೂತು ಮೂತಿ ಚುಚ್ಚುತ್ತದೆ, ತೆಗೆಯುತ್ತದೆ, ಇನ್ನೊಂದು ಕಡೆ ಚುಚ್ಚುತ್ತದೆ. ರಸ ಮಾತ್ರ ಸರಿಯಾಗಿ ಹೊಟ್ಟೆಗಿಳಿಯುವುದಿಲ್ಲ. ಎಷ್ಟು ಕುಡಿಯಿತು ಎಂದು ತಿಳಿಯಲು ಬುಡದಲ್ಲಿ ಸೋಸುಕಾಗದ ಇಟ್ಟು, ಹುಳ ಹೊರಹಾಕುವ ಸಿಹಿ ಅಂಟಿನ ಕಲೆ ಅಳೆಯುತ್ತಾರೆ. ಹುಳಕ್ಕೆ ಸುಲಭವಾಗಿ ತುತ್ತಾಗುವ ಟಿಎನ್ 1 ತಳಿಯ ಕೆಳಗೆ ದೊಡ್ಡ ಕಲೆ, ಪಿಟಿಬಿ 33ರ ಕೆಳಗೆ ಚಿಕ್ಕದು. ಮರಿಗಳು ಜಾಸ್ತಿ ಸಾಯುತ್ತವೆ, ಉಳಿದವು ನಿಧಾನ ಬೆಳೆಯುತ್ತವೆ. ನಮ್ಮ ಮಾತಲ್ಲಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಇದನ್ನು ‘ಪ್ರತಿಜೈವಿಕತೆ’ ಅಂತ ಬರೆದರೆ ಓದುವವರಿಗೆ ಆಸ್ಪತ್ರೆಯ ಆಂಟಿಬಯೋಟಿಕ್ ಮಾತ್ರೆ ನೆನಪಾಗುತ್ತದೆ.

ಅದೂ ಅಲ್ಲದೆ ‘ನಿರೋಧಕ’ ಅಂದ ಕೂಡಲೇ ಶಾಶ್ವತ ಅನ್ನುವ ಭಾವ ಬರುತ್ತದೆ. ಜಿಗಿಹುಳ ತಡೆಯುವ ಐಆರ್ 26 ಎಂಬ ಭತ್ತದ ತಳಿ 1973ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಜಿಗಿಹುಳಗಳು ಅದಕ್ಕೂ ಒಗ್ಗಿಕೊಂಡವು.

ಮೂರನೆಯದು ‘ತಾಳುವ ತಳಿ’. ಹುಳ ಹೊಟ್ಟೆತುಂಬ ಕುಡಿಯುತ್ತದೆ, ಮರಿ ಮಾಡುತ್ತದೆ, ಪೈರು ಮಾತ್ರ ಹೇಗೋ ತಾಳಿಕೊಂಡು ತೆನೆ ಕೊಡುತ್ತದೆ. ಇದನ್ನೂ ‘ನಿರೋಧಕ’ ಎಂದರೆ ಎಡವಟ್ಟು. ಹುಳವೇ ಇರುವುದಿಲ್ಲ ಎಂದುಕೊಂಡು ಯಾರೂ ಬುಡ ಬಿಡಿಸಿ ನೋಡುವುದಿಲ್ಲ. ಅಲ್ಲಿ ಹೆಚ್ಚಿದ ಹುಳ ಪಕ್ಕದವರ ಗದ್ದೆಗೆ ಹಾರುತ್ತದೆ. ಆಮೇಲೆ ಬೇಲಿಬದಿಯಲ್ಲಿ ಜಗಳ. ‘ಸಹಿಷ್ಣು’ ಎಂಬ ಪದ ಇದೆ, ನಿಜ. ಗದ್ದೆಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ನನ್ನ ಪ್ರಶ್ನೆ ಮುಖ್ಯವಾಗಿ ಎರಡನೆಯದರ ಬಗ್ಗೆ. ‘ಮೈಗೆ ಹತ್ತದ ತಳಿ’ ಎಂದು ಬರೆಯೋಣ ಎಂದಿದ್ದೆ. ಆದರೆ ಅದರ ಅನ್ನ ಉಂಡವರಿಗೇ ಮೈಗೆ ಹತ್ತುವುದಿಲ್ಲ ಎಂದು ಯಾರಾದರೂ ತಿಳಿದುಕೊಂಡರೆ? ‘ಹುಳಕ್ಕೆ ಒಗ್ಗದ ತಳಿ’ ಸರಿಯಾದೀತೇ, ಅಥವಾ ಅದು ಮೊದಲನೆಯದರ ಜೊತೆ ಕಲೆಸಿಹೋಗುತ್ತದೆಯೇ? ಪುತ್ತೂರು, ಸುಳ್ಯದವರು, ಘಟ್ಟದ ಮೇಲಿನವರು ನಿಮ್ಮ ಕಡೆ ಏನು ಹೇಳುತ್ತೀರಿ, ತಿಳಿಸಿ.