ಪದಚರ್ಚೆ: ಲ್ಯಾಪ್‌ಟಾಪ್ ಕೈಪಿಡಿಗೆ ನಾಲ್ಕು ಪದ ಬೇಕು, ನಾಳೆಯೇ ಅಚ್ಚಿಗೆ

ಎಲ್ಲರಿಗೂ ನಮಸ್ಕಾರ.

ಲ್ಯಾಪ್‌ಟಾಪ್‌ನ ಯಂತ್ರಾಂಶ (ಹಾರ್ಡ್‌ವೇರ್) ಕೈಕೊಟ್ಟಾಗ ಬಳಸುವವರೇ ಏನೇನು ನೋಡಿಕೊಳ್ಳಬಹುದು ಎಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ವಿವರಣೆಯೆಲ್ಲ ಮುಗಿದಿದೆ, ಶೀರ್ಷಿಕೆಗಳಲ್ಲಿ ಸಿಕ್ಕಿಕೊಂಡಿದ್ದೇನೆ. ‘ಟ್ರಬಲ್‌ಶೂಟಿಂಗ್’ ಎಂಬುದಕ್ಕೆ ಸದ್ಯಕ್ಕೆ ‘ದೋಷನಿವಾರಣೆ’ ಎಂದಿದ್ದೇನೆ, ಆದರೆ ಅಧ್ಯಾಯದ ಮುಕ್ಕಾಲು ಪಾಲು ದೋಷ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ‘ಓವರ್‌ಹೀಟಿಂಗ್’, ತೆರೆಯ ‘ಬ್ಯಾಕ್‌ಲೈಟ್’, ಈ ಎರಡಕ್ಕೂ ಪದ ಬೇಕು. ಕೊನೆಯದು ‘ರೀಸೀಟ್’: ರ‍್ಯಾಮ್ (ತಾತ್ಕಾಲಿಕ ಮೆಮೊರಿ) ಪಟ್ಟಿಯನ್ನು ತೆಗೆದು ಅದೇ ಜಾಗಕ್ಕೆ ಮತ್ತೆ ಹಾಕುವುದು. ‘ಮರುಸ್ಥಾಪನೆ’ ಎಂದರೆ ತಂತ್ರಾಂಶವನ್ನು ಮತ್ತೆ ಹಾಕಿ ಎಂದಂತಾಗುತ್ತದೆ. ಪುಟದಲ್ಲಿ ಜಾಗವಿಲ್ಲ, ಎರಡು ಮೂರು ಪದ ಮೀರುವಂತಿಲ್ಲ.

* * *

‘ದೋಷನಿವಾರಣೆ’ ಬೇಡ. ‘ತೊಡಕುಬಿಡಿಕೆ’ ಎನ್ನಿ. ಲ್ಯಾಪ್‌ಟಾಪ್‌ಗೆ ‘ತೊಡೆಗಣಕ’ ಎಂದು ಯಾರಾದರೂ ಹೇಳುವ ಮೊದಲೇ ತಡೆಯುತ್ತೇನೆ: ಕನ್ನಡದ ‘ತೊಡೆ’ಗೆ ಸಂಸ್ಕೃತದ ‘ಗಣಕ’ ಅಂಟಿಸಿದ ಅರಿಸಮಾಸ. ‘ಮಡಿಲೆಣ್ಣುಕ’ (ಮಡಿಲಲ್ಲಿಟ್ಟು ಎಣಿಸುವುದು) ಸರಿ. ಓವರ್‌ಹೀಟಿಂಗ್‌ಗೆ ‘ಕಡುಕಾವು’. ಸಾಯು ಸಾವಾಯಿತು, ನೋಯು ನೋವಾಯಿತು, ಮೇಯು ಮೇವಾಯಿತು. ಹಾಗೆಯೇ ಕಾಯು ಕಾವಾಯಿತು. ಇಂಥ ಸೊಗಸಾದ ಜಾಡು ನಮ್ಮಲ್ಲೇ ಇರುವಾಗ ಸಾಲಕ್ಕೆ ಕೈಚಾಚುವುದೇಕೆ? ದುರಸ್ತಿಯ ಕೈಪಿಡಿಯಲ್ಲಾದರೂ ಕನ್ನಡ ಉಳಿಯಲಿ.

* * *

> ಹಾಗೆಯೇ ಕಾಯು ಕಾವಾಯಿತು

ನಾಮಪದದ ಮೇಲೆ ನನಗೆ ಮುನಿಸಿಲ್ಲ. ಕ್ರಿಯಾಪದವೇ ತೊಂದರೆ. ‘ಲ್ಯಾಪ್‌ಟಾಪ್ ಕಾಯುತ್ತಿದೆ’ ಎಂದು ಬರೆದರೆ ಅದು ಬಿಸಿಯಾಗುತ್ತಿದೆಯೇ, ಏನನ್ನೋ ಎದುರುನೋಡುತ್ತಿದೆಯೇ? ಇಲ್ಲಿ ಈ ಗೊಂದಲ ಬರಿಯ ವ್ಯಾಕರಣದ್ದಲ್ಲ. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಯಂತ್ರ ನಿಜಕ್ಕೂ ತಡವರಿಸುತ್ತದೆ, ಓದುಗ ಎರಡನೆಯ ಅರ್ಥವನ್ನೇ ಹಿಡಿಯುತ್ತಾನೆ. ವೇಗ ತಗ್ಗಿಸಿದ್ದೂ ಸಾಲದಿದ್ದರೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಗಾಳಿಕಿಂಡಿಗಳಲ್ಲಿ ಧೂಳು ಕಟ್ಟಿದೆಯೇ, ಫ್ಯಾನ್ ತಿರುಗುತ್ತಿದೆಯೇ ಎಂದು ಅವನು ನೋಡಬೇಕಾದ ಹೊತ್ತು ಅದು. ‘ಮಿತಿಮೀರಿದ ಬಿಸಿ’ ಎಂದು ಬರೆಯಿರಿ, ಎರಡೇ ಪದ.

‘ಟ್ರಬಲ್‌ಶೂಟಿಂಗ್’ಗೆ ‘ದೋಷಪತ್ತೆ’. ಕೇಳಿದವರು ಸರಿಯಾಗಿಯೇ ಹೇಳಿದ್ದಾರೆ, ಈ ಕೆಲಸದ ಜೀವವೇ ಹುಡುಕಾಟ. ಯಂತ್ರಕ್ಕೆ ಜೀವ ಬಂದಿದೆ, ತೆರೆ ಮಾತ್ರ ಕಪ್ಪಾಗಿದೆ ಎನ್ನಿ. ತೆರೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟಾಗ ಚಿತ್ರ ಮಸುಕಾಗಿ ಕಂಡರೆ ಹಿಂಬೆಳಕು ಹೋಗಿದೆ. (ಇದೇ ನಿಮ್ಮ ಬ್ಯಾಕ್‌ಲೈಟ್. ಇದಕ್ಕೆ ಯಾರೂ ತಕರಾರು ತೆಗೆಯಲಾರರು.) ಹಾಗೆ ಕಾಣದೆ, ಹೊರಗಿನ ಮಾನಿಟರ್ ಜೋಡಿಸಿದಾಗ ಅದರಲ್ಲಿ ಚಿತ್ರ ಮೂಡಿದರೆ ಅನುಮಾನ ತೆರೆಯ ಮೇಲೆ ಅಥವಾ ಅದರ ಕೇಬಲ್ ಮೇಲೆ. ಅಲ್ಲಿಯೂ ಮೂಡದಿದ್ದರೆ ರ‍್ಯಾಮ್ ಕಡೆ, ಮದರ್‌ಬೋರ್ಡ್ ಕಡೆ ತಿರುಗಬೇಕು. ಇಷ್ಟು ದೂರ ಬಂದರೂ ಇನ್ನೂ ಏನನ್ನೂ ‘ನಿವಾರಿಸಿಲ್ಲ’. ಅರಿಸಮಾಸ ಎನ್ನುವವರಿಗೆ ಮೊದಲೇ ಉತ್ತರಿಸುತ್ತೇನೆ: 13ನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದು ಕನ್ನಡ ಪದ ಸಂಸ್ಕೃತ ಪದದೊಡನೆ ಸಮಾಸವಾಗುವುದನ್ನು. ‘ಪತ್ತೆ’ಯೂ ಹೊರಗಿನಿಂದ ಬಂದ ಪದವೇ, ಹಾಗಾಗಿ ಆ ಮಾತು ಇದಕ್ಕೆ ತಗಲುವುದಿಲ್ಲ.

‘ರೀಸೀಟ್’ಗೆ ‘ಕಳಚಿ ಕೂರಿಸಿ’. ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ರ‍್ಯಾಮ್ ಪಟ್ಟಿಯನ್ನು ಓರೆಯಾಗಿ ಒಳಗೆ ತಳ್ಳಿ ಕೆಳಕ್ಕೆ ಒತ್ತಿದಾಗ ಎರಡು ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿದುಕೊಳ್ಳಬೇಕು. ಆಗಲೇ ಅದು ‘ಕೂತಿತು’. ‘ಸ್ಥಾಪಿಸಿ’ ಎಂದರೆ ಆ ಒತ್ತುವಿಕೆ ಕಣ್ಣಿಗೆ ಕಟ್ಟುವುದಿಲ್ಲ.

ನೀವು ಕೇಳದ ಇನ್ನೊಂದು ಪದವಿದೆ, ಎಲ್ಲಕ್ಕಿಂತ ಅದೇ ಮುಖ್ಯ. ಲಿಥಿಯಂ ಅಯಾನ್ ಬ್ಯಾಟರಿ ಕೆಟ್ಟಾಗ ಒಳಗೆ ಅನಿಲ ತುಂಬಿ ದಪ್ಪವಾಗುತ್ತದೆ. ಟಚ್‌ಪ್ಯಾಡ್ ಮೇಲೇಳುತ್ತದೆ, ತಳದ ಮುಚ್ಚಳ ಬಿರಿಯುತ್ತದೆ. ಇದಕ್ಕೆ ‘ಊದಿದ’ ಎನ್ನಬೇಡಿ, ಊದುವುದು ಗಾಳಿ ಬಿಡುವುದೂ ಹೌದು. ‘ಉಬ್ಬಿದ ಬ್ಯಾಟರಿ’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ‘ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ’ ಎನ್ನಿ. ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇಂಥ ಕಡೆ ‘ಬ್ಯಾಟರಿ’ಗೂ ಹೊಸ ಪದ ಟಂಕಿಸಿ, ಓದುಗ ಅದರ ಬಳಿ ಅರೆಗಳಿಗೆ ನಿಂತು ಯೋಚಿಸುವಂತೆ ಮಾಡುವವರನ್ನು ನಾನು ಒಪ್ಪಲಾರೆ. ಸಾಲ ಬೇಡವೆಂದವರು ತಾವೇ ಬಳಸಿದ ‘ದುರಸ್ತಿ’ ಪರ್ಷಿಯನ್ನಿನದು. ‘ಬ್ಯಾಟರಿ ಖಾಲಿ’ ಎನ್ನುವಾಗಿನ ‘ಖಾಲಿ’ ಅರಬ್ಬಿಯದು. ಇವು ಕನ್ನಡವನ್ನು ಕೊಂದಿಲ್ಲ.

* * *

ಕೊಂದಿಲ್ಲವೇ? ಪೋರ್ಚುಗೀಸರ ‘ಚಾವಿ’ ಬಂದ ಕಡೆ ‘ಬೀಗದ ಕೈ’ ಹಿಂದೆ ಸರಿಯಿತು. ‘ಖಾಲಿ’ ಬಂದು ‘ಬರಿದು’ ಪುಸ್ತಕ ಸೇರಿತು. ಕಾಯು, ಕಾವು, ಕಾಯಿಸು ಎನ್ನುವಾಗ ಒಂದು ತಿಳಿದರೆ ಉಳಿದವೂ ತಿಳಿಯುತ್ತವೆ. ಹೀಟ್, ಹೀಟರ್, ಹೀಟ್‌ಸಿಂಕ್, ಓವರ್‌ಹೀಟಿಂಗ್ ಎನ್ನುವಾಗ ಕನ್ನಡ ಮಾತ್ರ ಬಲ್ಲವನು ಒಂದೊಂದನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕು. ನನ್ನ ಹೊಟ್ಟೆಯುರಿ ಅವನ ಪರವಾಗಿ. ಇನ್ನೊಂದು: ‘ಧೂಳು’ ಅಲ್ಲ, ‘ದೂಳು’. ಮಹಾಪ್ರಾಣ ಸಂಸ್ಕೃತದ ‘ಧೂಲಿ’ಗಿರಲಿ.

* * *

‘ಯಂತ್ರಾಂಶ’ವನ್ನು ಇಬ್ಬರೂ ಪ್ರಶ್ನಿಸಲಿಲ್ಲ. ಯಂತ್ರ, ಅಂಶ, ಸವರ್ಣದೀರ್ಘಸಂಧಿ, ಅದಕ್ಕೆ ಜೋಡಿ ‘ತಂತ್ರಾಂಶ’. ಎರಡೂ ಸಂಸ್ಕೃತದಲ್ಲೇ ಕಟ್ಟಿದ ಪದಗಳು, ಎರಡೂ ಪತ್ರಿಕೆಗಳಲ್ಲಿ ನೆಲೆಯೂರಿವೆ. ಹಾಗಾಗಿ ‘ದೋಷಶೋಧನೆ’ ಎನ್ನಿ. ‘ಪತ್ತೆ’ ಕಳ್ಳತನದ ಸುದ್ದಿಗೆ ಸಾಕು.

* * *

ಎಲ್ಲರಿಗೂ ಕೃತಜ್ಞತೆಗಳು. ‘ದೋಷಪತ್ತೆ’, ‘ಮಿತಿಮೀರಿದ ಬಿಸಿ’, ‘ಹಿಂಬೆಳಕು’, ‘ಕಳಚಿ ಕೂರಿಸಿ’, ‘ಉಬ್ಬಿದ ಬ್ಯಾಟರಿ’ ಪುಟಕ್ಕೆ ಹೋದವು. ‘ದೂಳು’ ಕೂಡ. ‘ಶೋಧನೆ’ ಎಂದರೆ ಸಂಶೋಧನೆಯ ನೆನಪಾಗುತ್ತದೆ, ಬಿಟ್ಟಿದ್ದೇನೆ. ಇನ್ನೊಂದೇ ಒಂದು: ಹಾರ್ಡ್ ಡಿಸ್ಕ್ ಕೆಡುವಾಗ ಬಿಟ್ಟು ಬಿಟ್ಟು ಬರುವ ಸದ್ದಿಗೆ ‘ಕಟಕಟ’ ಎನ್ನಲೇ, ‘ಟಕಟಕ’ ಎನ್ನಲೇ?

* * *

ಎರಡೂ ಬೇಡ. ‘ಕಟಕಟ’ ಹಲ್ಲು ಕಡಿಯುವ ಸದ್ದು, ‘ಟಕಟಕ’ ಎಂದರೆ ಬೇಗ ಬೇಗ ಎಂಬ ಅರ್ಥ ಬರುತ್ತದೆ. ‘ಟಕ್, ಟಕ್’ ಎಂದು ಬಿಡಿಸಿ ಬರೆಯಿರಿ. ಆ ಸದ್ದು ಕೇಳಿದೊಡನೆ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಉಳಿದ ಪರೀಕ್ಷೆಗಳೆಲ್ಲ ಅದಾದ ಮೇಲೆ.