ಹಲಸೂರಿನಲ್ಲಿ ನಾಲ್ಕೈದು ಭಾಷೆಯ ಕವಿತೆ ಓದು ಶುರು ಮಾಡಬೇಕು, ದಾರಿ ಹೇಳಿ

ಬಜಾರ್ ಬೀದಿಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರ. ಕೆಳಗೆ ಹೂ ಕಟ್ಟುವ ಪಾಟಿ, ಅಂದರೆ ಅಜ್ಜಿ, ತಮಿಳಿನವರು. ಎದುರು ಅಂಗಡಿಯ ಟೈಲರ್ ಮನೆಯಲ್ಲಿ ಉರ್ದು. ಮಹಡಿ ಮೇಲಿನವರು ತೆಲುಗು. ಕೆರೆ ಪಕ್ಕದ ಗುರುದ್ವಾರಕ್ಕೆ ಹೋಗುವ ಪಂಜಾಬಿ ಕುಟುಂಬ ಒಂದಿದೆ. ನಮ್ಮದು ಕನ್ನಡ. ಹಾಲಿನ ಬೂತ್ ಮುಂದೆ ನಿಂತರೆ ಎಲ್ಲರೂ ಎಲ್ಲ ಭಾಷೆಯಲ್ಲೂ ಮಾತಾಡುತ್ತಾರೆ. ಆದರೆ ಸಾಹಿತ್ಯದ ಕಾರ್ಯಕ್ರಮ ಅಂದ ಕೂಡಲೇ ಒಬ್ಬೊಬ್ಬರದು ಒಂದೊಂದು ದಿಕ್ಕು. ರಾಜ್ಯೋತ್ಸವಕ್ಕೆ ನಮ್ಮವರು, ಪೊಂಗಲ್‌ಗೆ ಅವರವರು, ಉರ್ದು ಕವಿಗೋಷ್ಠಿ ಮುಷಾಯಿರಾ ಇದ್ದರೆ ಟೈಲರ್ ಅಂಕಲ್ ಒಬ್ಬರೇ ಶಿವಾಜಿನಗರದ ಕಡೆ ಹೋಗಿ ಕೇಳಿ ಬರುತ್ತಾರೆ.

ತಿಂಗಳಿಗೊಂದು ಭಾನುವಾರ ಎಲ್ಲರೂ ಒಟ್ಟಿಗೆ ಕೂತು ಅವರವರ ಭಾಷೆಯ ಕವಿತೆ ಓದಬೇಕು ಅಂತ ನನಗೆ ತುಂಬ ಆಸೆ. ಫ್ಲಾಟ್‌ನ ಹುಡುಗರು ‘ಇಂಗ್ಲಿಷ್‌ನಲ್ಲಿ ನಡೆಸಿ ಆಂಟಿ, ಎಲ್ಲರಿಗೂ ಕಾಮನ್’ ಅಂತಾರೆ. ಹಾಗೆ ಮಾಡಿದರೆ ಪಾಟಿ ಬರಲ್ಲ, ಟೈಲರ್ ಅಂಕಲ್ಲೂ ಬರಲ್ಲ. ಅವರಿಬ್ಬರೂ ಬರದಿದ್ದರೆ ನನಗೆ ಈ ಕೆಲಸವೇ ಬೇಡ. ಅರ್ಥ ಆಗದ ಭಾಷೆಯನ್ನು ಜನ ಕೂತು ಕೇಳುತ್ತಾರಾ? ಎಲ್ಲಿ ನಡೆಸುವುದು? ಅನುಮತಿ, ಮೈಕು ಇವೆಲ್ಲ ಹೇಗೆ? ಮಾಡಿ ಗೊತ್ತಿರುವವರು ಹೇಳಿ.

ಕಾಕ್ಸ್‌ಟೌನ್ ಮೇಷ್ಟ್ರು:

ನೋಡಮ್ಮ, ನಾನು ಕನ್ನಡ ಮೇಷ್ಟ್ರಾಗಿ ನಿವೃತ್ತಿ ಆದವನು. ನಮ್ಮ ಕಡೆ ಇಂಥ ಓದು ಬಹಳ ಕಾಲದಿಂದ ನಡೆಸುತ್ತಿದ್ದೇವೆ. ಅರ್ಥ ಆಗದ ಭಾಷೆಯನ್ನು ಜನ ಖಂಡಿತ ಕೇಳುತ್ತಾರೆ. ಆದರೆ ಮಧ್ಯೆ ಒಬ್ಬರು ಬೇಕು.

ಅದಕ್ಕೆ ದಾರಿ ಹೊರಗೆಲ್ಲೂ ಹುಡುಕಬೇಕಿಲ್ಲ. ನಮ್ಮ ಗಮಕ ಇದೆಯಲ್ಲ, ಅದರಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ಹಳಗನ್ನಡ, ನಡುಗನ್ನಡ ಓದಲು ಬಾರದವರೂ ಕುಮಾರವ್ಯಾಸನನ್ನು ಕೇಳಿ ತಲೆದೂಗಿದ್ದು ಹೀಗೇ. 2022ರಲ್ಲಿ ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ ಪದ್ಮಶ್ರೀ ಬಂತು. ಆ ಪದ್ಧತಿಯನ್ನೇ ನಾವು ತಮಿಳಿಗೂ ಉರ್ದುವಿಗೂ ಹಾಕಿದೆವು. ಪಾಟಿ ತಮಿಳಿನಲ್ಲಿ ಹೇಳಲಿ. ಪಕ್ಕದಲ್ಲಿ ತಮಿಳು ಬಲ್ಲ ಇನ್ನೊಬ್ಬರು ಕೂತು ಕನ್ನಡದಲ್ಲಿ ಬಿಡಿಸಿ ಹೇಳಲಿ. ಆಮೇಲೆ ಪಾಟಿ ಅದನ್ನೇ ಇನ್ನೊಂದು ಸಲ ಹೇಳಬೇಕು. ಈ ಎರಡನೇ ಸಲದ್ದೇ ಮುಖ್ಯ. ಅರ್ಥ ತಿಳಿದ ಮೇಲೆ ಕಿವಿ ಲಯದ ಮೇಲೆ ಹೋಗುತ್ತದೆ, ಜನರ ಮುಖ ನೋಡಿದರೇ ಗೊತ್ತಾಗುತ್ತದೆ.

ಮೊದಲ ಸಲ ಉದ್ದ ಕವಿತೆ ಬೇಡ. ನಿಮ್ಮ ಹಲಸೂರಿಗೇ ಒಪ್ಪುವ ಒಂದು ಜೋಡಿ ಇದೆ. ಕೆರೆ ಪಕ್ಕದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕು ಹಾಕಿಕೊಂಡೇ ಇತ್ತು. 2009ರ ಆಗಸ್ಟ್ 9ರಂದು ಅನಾವರಣ ಆಯಿತು. ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ನಿಂತಿತು. ಸರ್ಕಾರಗಳು ಪ್ರತಿಮೆ ನಿಲ್ಲಿಸಿದವು. ಆ ಇಬ್ಬರ ಪದ್ಯಗಳನ್ನು ಒಂದೇ ಜಮಖಾನದ ಮೇಲೆ ಕೂರಿಸುವ ಕೆಲಸ ನಿಮ್ಮಂಥವರಿಂದ ಆಗಬೇಕು. ವಳ್ಳುವರ್ ಬರೆದ ಕುರಳ್ ಎರಡು ಸಾಲು, ಒಟ್ಟು ಏಳೇ ಗಣ. ಸರ್ವಜ್ಞನ ತ್ರಿಪದಿ ಮೂರು ಸಾಲು. ತೆಲುಗಿನವರಿಗೆ ವೇಮನ ಇದ್ದಾನೆ, ಆಟವೆಲದಿ ಅನ್ನುವ ನಾಲ್ಕು ಸಾಲಿನ ಪದ್ಯ. ಉರ್ದು ಶೇರ್ ಮತ್ತೆ ಎರಡು ಸಾಲು. ಎಲ್ಲ ಸಣ್ಣವು, ಎಲ್ಲ ಬಾಯಿಪಾಠ ಇರುವಂಥವು. ಒಂದೇ ವಿಷಯ ಇಟ್ಟುಕೊಳ್ಳಿ, ‘ಮಾತು’ ಅಂತ ಇಡಿ. ಸಿಹಿ ಮಾತು ಇರುವಾಗ ಒರಟು ಮಾತಾಡುವುದು ಹಣ್ಣು ಬಿಟ್ಟು ಕಾಯಿ ತಿಂದಂತೆ ಅಂತ ವಳ್ಳುವರ್ ಹೇಳುತ್ತಾನೆ. ಮಾತಿನ ಮೇಲೆ ಸರ್ವಜ್ಞನ ತ್ರಿಪದಿ ಗೊತ್ತಿಲ್ಲದ ಕನ್ನಡದವರು ಯಾರಿದ್ದಾರೆ?

ಇನ್ನೊಂದು ತಿಂಗಳು ಅಂಕಿತದ ಮೇಲೆ ಮಾಡಿ. ಸರ್ವಜ್ಞನ ಪದ್ಯದ ಕೊನೆಗೆ ಸರ್ವಜ್ಞ ಅಂತಲೇ ಬರುತ್ತದೆ. ವೇಮನ ಕೊನೆಯ ಸಾಲಿನಲ್ಲಿ ವೇಮನನ್ನೇ ಕರೆಯುತ್ತಾನೆ. ಬಸವಣ್ಣನಿಗೆ ಕೂಡಲಸಂಗಮ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಗಜಲ್‌ನ ಕೊನೆಯ ಶೇರ್‌ನಲ್ಲಿ ಶಾಯರ್ ತನ್ನ ತಖಲ್ಲುಸ್, ಅಂದರೆ ಕಾವ್ಯನಾಮ, ಹಾಕುತ್ತಾನೆ. ಗುರುದ್ವಾರದಲ್ಲಿ ಹಾಡುವ ಶಬದ್‌ಗಳಲ್ಲಿ ‘ನಾನಕ್’ ಬರುತ್ತದೆ. ಆ ಪಂಜಾಬಿ ಕುಟುಂಬಕ್ಕೂ ಜಾಗ ಸಿಕ್ಕಿತು, ಅಲ್ವಾ? ಇದನ್ನು ಮಾಡಿದ ದಿನ ನಮ್ಮಲ್ಲಿ ಮಕ್ಕಳು ಪ್ರತಿ ಪದ್ಯದ ಕೊನೆಗೆ ಅಂಕಿತ ಬಂದಾಗ ಒಟ್ಟಿಗೆ ಕೂಗುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಹಾಳೆ ಜೆರಾಕ್ಸ್ ಮಾಡಿಸಿ. ಎಲ್ಲ ಪದ್ಯಗಳೂ ಕನ್ನಡ ಲಿಪಿಯಲ್ಲಿರಲಿ, ಕೆಳಗೆ ಅರ್ಥ. ಯಾಕೆ ಅಂದರೆ ನಮ್ಮ ಕಂಟೋನ್ಮೆಂಟ್ ಕಡೆ ಮನೆಯಲ್ಲಿ ತಮಿಳೋ ಉರ್ದುವೋ ಮಾತಾಡಿಕೊಂಡು ಶಾಲೆಯಲ್ಲಿ ಕನ್ನಡ ಓದಿದವರು ಬಹಳ. ತಮ್ಮ ಮಾತು ಬರುತ್ತದೆ, ತಮ್ಮ ಲಿಪಿ ಬರುವುದಿಲ್ಲ. ಒಬ್ಬ ಆಟೋ ಚಾಲಕರು ಕುರಳನ್ನು ಕನ್ನಡ ಅಕ್ಷರದಲ್ಲಿ ಬೆರಳಿಟ್ಟು ಓದಿದರು. ‘ಅಪ್ಪ ಹೇಳುತ್ತಿದ್ದದ್ದು ಇದೇನಾ?’ ಅಂತ ಕೇಳಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಜಾಗಕ್ಕೆ ಶಾಲೆಯ ಒಂದು ಕೊಠಡಿ ಕೇಳಿ. ದೇವಸ್ಥಾನ, ಮಸೀದಿ, ಚರ್ಚಿನ ಹಾಲ್ ಆದರೆ ಯಾರಾದರೂ ಒಬ್ಬರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಸಂಜೆ 4ಕ್ಕೆ ಶುರು ಮಾಡಿ ಐದೂವರೆಗೆ ಮುಗಿಸಿ, ಮಗ್ರಿಬ್ ನಮಾಜ್‌ಗೆ ಹೋಗುವವರಿಗೆ ಅಡ್ಡಿ ಆಗಲ್ಲ. ಮುಖ್ಯ ಅತಿಥಿ ಬೇಡ. ಶಾಲು, ಪೇಟ, ಹಾರ ಬೇಡವೇ ಬೇಡ. ಅದು ಬಂದರೆ ಕವಿತೆಗೆ ಉಳಿಯುವುದು ಕೊನೆಯ ಕಾಲು ಗಂಟೆ, ಅಷ್ಟು ಹೊತ್ತಿಗೆ ಪಾಟಿ ಎದ್ದು ಹೋಗಿರುತ್ತಾರೆ.

ಶಿವಾಜಿನಗರದ ಹುಡುಗ:

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಅಕ್ಕ, ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆ ಮಾತು ದಖನಿ, ಅಂದರೆ ನಮ್ಮ ದಕ್ಷಿಣದ ಕಡೆಯ ಉರ್ದು. ಉರ್ದು ಅಂದ ಕೂಡಲೇ ಜನ ದೆಹಲಿ, ಲಖನೌ ಕಡೆ ನೋಡುತ್ತಾರೆ. ದಖನಿ ಈ ನೆಲದ್ದೇ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹಿ ದಖನಿಯಲ್ಲೇ ಹಾಡು ಬರೆದ, ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಅವನು ತೀರಿಕೊಂಡಿದ್ದು 1627ರಲ್ಲಿ. ಹಾಗಾಗಿ ಟೈಲರ್ ಅಂಕಲ್‌ಗೆ ಗಜಲ್ ಜೊತೆ ಮನೆಮಾತಿನದೂ ಏನಾದರೂ ಹೇಳಿ ಅಂತ ಕೇಳಿ. ಸಂಕೋಚ ಪಡುತ್ತಾರೆ, ಬಿಡಬೇಡಿ.

ಅವರ ಮನೆಯ ಹೆಂಗಸರನ್ನೂ ಕರೆಯಿರಿ. ವಿಜಯಪುರದ ಕಡೆ ಸೂಫಿಗಳ ಹಾಡುಗಳಲ್ಲಿ ಚಕ್ಕಿನಾಮಾ ಅಂತ ಇದೆ. ಹೆಂಗಸರು ಹಿಟ್ಟು ಬೀಸುವಾಗ ಹೇಳುತ್ತಿದ್ದ ಪದಗಳು. ಕನ್ನಡದ ಬೀಸುಕಲ್ಲಿನ ಪದ ಅಲ್ವಾ ಅದು! ಎರಡನ್ನೂ ಒಂದರ ಹಿಂದೆ ಒಂದು ಹೇಳಿಸಿ ನೋಡಿ. ಜೋಗುಳವೂ ಹಾಗೇ, ತಮಿಳಿನ ತಾಲಾಟ್ಟು, ತೆಲುಗಿನ ಜೋಲಪಾಟ, ಎಲ್ಲ ಮನೆಯಲ್ಲೂ ಇದೆ. ನಮ್ಮ ಅಮ್ಮಿ ಸಾಹಿತ್ಯದ ಕಾರ್ಯಕ್ರಮ ಅಂದರೆ ‘ನಂಗ್ಯಾಕೆ’ ಅಂತಾರೆ. ಜೋಗುಳ ಅಂದರೆ ಮುಂದಿನ ಸಾಲಿನಲ್ಲೇ ಕೂತುಕೊಳ್ಳುತ್ತಾರೆ.

ಇನ್ನೊಂದು ವಿಷಯ. ನಮ್ಮ ಕವಿಗೋಷ್ಠಿಯಲ್ಲಿ ಎಲ್ಲರೂ ಸುಮ್ನೆ ಕೂತು ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ಮುಷಾಯಿರಾದಲ್ಲಿ ಹಾಗಲ್ಲ. ಸಾಲು ಹಿಡಿಸಿದರೆ ‘ವಾಹ್’ ಅನ್ನಬೇಕು, ಮತ್ತೆ ಬೇಕು ಅಂದರೆ ‘ಮುಕರ್ರರ್’ ಅಂತ ಕೂಗಬೇಕು. ಮೊದಲೇ ಎಲ್ಲರಿಗೂ ಹೇಳಿಬಿಡಿ. ತ್ರಿಪದಿಗೂ ಮುಕರ್ರರ್ ಬೀಳಲಿ.

ಕಾನೂನು ಓದಿದವರು:

ಮೇಡಂ, ಅನುಮತಿ ಬಗ್ಗೆ ಕೇಳಿದ್ದಿರಿ. ಒಂದು ಕೊಠಡಿಯಲ್ಲಿ ಮೂವತ್ತು ನಲವತ್ತು ಜನ ಕೂತರೆ ಮೈಕು ಬೇಕಾಗಲ್ಲ. ಬಿಟ್ಟುಬಿಡಿ. ಬಯಲಲ್ಲಿ ಧ್ವನಿವರ್ಧಕ ಹಾಕಿದರೆ ಲಿಖಿತ ಅನುಮತಿ ಬೇಕು, ಠಾಣೆಯಲ್ಲಿ ವಿಚಾರಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ಮಿತಿ, ರಾತ್ರಿ 45.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ವಳ್ಳುವರ್, ಸರ್ವಜ್ಞ, ವೇಮನ ಓದಲು ಯಾರ ಒಪ್ಪಿಗೆಯೂ ಬೇಡ. ಹೊಸ ಕವಿಗಳದ್ದಾದರೆ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅವರ ಕವಿತೆಗೆ ಇನ್ನೂ ಇದೆ. ಹೆದರಬೇಡಿ. ಪ್ರಕಟವಾದ ಕೃತಿಯಿಂದ ಹಿತಮಿತವಾಗಿ ಆಯ್ದು ಸಭೆಯಲ್ಲಿ ಓದುವುದಕ್ಕೆ 1957ರ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಟಿಕೆಟ್ ಇಡಬೇಡಿ. ಪೂರ್ತಿ ಕವಿತೆಯ ವಿಡಿಯೊ ಯೂಟ್ಯೂಬ್‌ಗೆ ಹಾಕುವುದು ಬೇರೆ ವಿಷಯ, ಅದಕ್ಕೆ ಹಕ್ಕುದಾರರನ್ನು ಕೇಳಿ. ಬೀದಿಯವರೇ ಬರೆದ ಕವಿತೆ ಇದ್ದರೆ ಅವರನ್ನು ಕೇಳಿ ಹಾಕಿ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಕೆಲವು ತಿಂಗಳು ಫೋನು ಆಚೆ ಇಡಿಸಿ. ಕ್ಯಾಮೆರಾ ಕಂಡರೆ ವಯಸ್ಸಾದವರು ಬಾಯಿ ಬಿಡಲ್ಲ.

ಬಜಾರ್ ಬೀದಿಯವಳು:

ಮೇಷ್ಟ್ರೇ, ಗಮಕದ ದಾರಿ ನನಗೆ ಹೊಳೆದೇ ಇರಲಿಲ್ಲ. ತುಂಬ ಥ್ಯಾಂಕ್ಸ್. ಇವತ್ತು ಸಂಜೆ ಪಾಟಿ ಹತ್ತಿರ ಹೋಗಿ ಕುರಳ್ ಬರುತ್ತಾ ಅಂತ ಕೇಳಿದೆ. ಕೈಯಲ್ಲಿದ್ದ ಕನಕಾಂಬರ ಬಿಡದೆ, ಮಲ್ಲಿಗೆ ಮಧ್ಯೆ ಕಟ್ಟುತ್ತಲೇ ಒಂದರ ಹಿಂದೆ ಒಂದು ಹೇಳಿದರು. ಶಾಲೆಗೆ ಹೋದವರಲ್ಲ, ಅವರ ಅಣ್ಣ ಪಾಠ ಮಾಡುವಾಗ ಕೇಳಿ ಕಲಿತದ್ದಂತೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಲು ಅವರ ಮೊಮ್ಮಗಳು ಒಪ್ಪಿದ್ದಾಳೆ, ಹತ್ತನೇ ಕ್ಲಾಸು.

ಟೈಲರ್ ಅಂಕಲ್ ‘ದಖನಿಯಲ್ಲಿ ಯಾರು ಕೇಳ್ತಾರೆ’ ಅಂದರು. ಶಿವಾಜಿನಗರದ ತಮ್ಮ, ನೀವೇ ಒಂದು ಸಲ ಬಂದು ಅವರ ಜೊತೆ ಮಾತಾಡುತ್ತೀರಾ? ನನಗಿಂತ ನಿಮ್ಮ ಮಾತು ಕೇಳುತ್ತಾರೆ. ಅಮ್ಮಿಯನ್ನೂ ಕರೆದುಕೊಂಡು ಬನ್ನಿ.

ಶಾಲೆಯ ಕೊಠಡಿ ಸೋಮವಾರ ಕೇಳುತ್ತೇನೆ. ಸಿಗದಿದ್ದರೆ ನಮ್ಮ ಮಹಡಿಯೇ, ಮಳೆ ಬರದಿದ್ದರೆ ಸಾಕು. ಒಂದೇ ಕೊರತೆ ಉಳಿದಿದೆ. ಮೇಲಿನ ಮನೆಯ ತೆಲುಗಿನವರಿಗೆ ವೇಮನನ ಪದ್ಯ ಅರ್ಧಂಬರ್ಧ ನೆನಪಂತೆ. ಹಲಸೂರು, ಜೋಗುಪಾಳ್ಯ, ಮರ್ಫಿ ಟೌನ್ ಕಡೆ ವೇಮನ ಬಾಯಿಪಾಠ ಇರುವವರು ಯಾರಾದರೂ ಇದ್ದೀರಾ?